ಮೂರನೇ ಲೈನಿನ ಟವಲ್

ಆ ಬೆಳಿಗ್ಗೆ ವಿದ್ಯುತ್ ಕೇಂದ್ರದ ಎದುರು ಬಂದು ನಿಂತಿದ್ದ ಪ್ರಶ್ನೆ ಸಾಮಾನ್ಯದ್ದಲ್ಲ. ಇಡೀ ಪ್ರಾಂತ್ಯದ ಹಣೆಬರಹ ಅದರ ಮೇಲೇ ನಿಂತಿದೆಯೆಂಬಂತೆ ಮೂವರು ಅಧಿಕಾರಿಗಳು ಕೈಕಟ್ಟಿಕೊಂಡು ಅದನ್ನು ನೋಡುತ್ತಿದ್ದರು. ಸಭೆಯ ಮೇಜಿಗೆ ಹಾಸಿದ ಬಟ್ಟೆ ಒಂದು ಮೊಳ ಸಾಲದೆ ಬಂದಿತ್ತು. ಮೂರು ಕಡೆ ಅಂದವಾಗಿ ಇಳಿಬಿದ್ದಿದ್ದ ಬಟ್ಟೆ ನಾಲ್ಕನೆಯ ಕಡೆ, ಅದೂ ಬಾಗಿಲಿಗೆ ಎದುರಾದ ಕಡೆ, ಅಂಚಿಗೇ ನಿಂತುಬಿಟ್ಟು ಮೇಜಿನ ಕಾಲುಗಳು ಬೆತ್ತಲೆ ಕಾಣುತ್ತಿದ್ದವು.

"ಯಾವ ಬೋಳಿಮಗ ಇದರ ಅಳತೆ ತಗೊಂಡಿದ್ದು?" ಎಂದರು ಸಣ್ಣ ಸಾಹೇಬರು.

ಅಳತೆ ತೆಗೆದುಕೊಂಡಿದ್ದವರು ಸಣ್ಣ ಸಾಹೇಬರೇ. ಅದು ಗೊತ್ತಿದ್ದವರೆಲ್ಲ ನೆಲ ನೋಡಿದರು. ಕೇಂದ್ರದ ಕೆಲಸದವಳು ಅತ್ತಿಗೆ ಮಾತ್ರ ನೆಲ ಒರೆಸುತ್ತ ಮೊದಲಿನಿಂದಲೂ ಅದನ್ನೇ ನೋಡುತ್ತಿದ್ದುದರಿಂದ ಹೊಸದಾಗಿ ಏನೂ ಮಾಡಬೇಕಾಗಿರಲಿಲ್ಲ.

"ಏಯ್, ಏನದು?"

"ನೆಲ ಒರೆಸೋ ಬಟ್ಟೆ ಸಾರ್."

"ಅದಲ್ವೇ, ಹೆಗಲ ಮೇಲಿರೋದು."

ಹೆಗಲ ಮೇಲಿದ್ದದ್ದು ಹಳೆಯ ಬೆಡ್‌ಶೀಟಿನ ಅರ್ಧ. ಮೇಜು ಒರೆಸುವುದಕ್ಕೆಂದೇ ಅವಳು ಬೇರೆ ಇಟ್ಟುಕೊಂಡದ್ದು. ಒಗೆದೂ ಒಗೆದೂ ಸಾಹೇಬರ ಅಂಗಿಗಿಂತ ಬೆಳ್ಳಗಾಗಿತ್ತು.

"ಕೊಡು ಇಲ್ಲಿ."

"ಸಾರ್, ಚಾ ಗೀ ಚೆಲ್ಲಿದ್ರೆ ಮೇಜು ಒರೆಸಕ್ಕೆ ಬೇರೆ ಇಲ್ಲ."

"ಚೆಲ್ಲೋಳು ನೀನೇ ತಾನೇ? ಚೆಲ್ಲಬೇಡ. ಬೆಳಗಾಗೆದ್ದು ಮುಂಡೆ ಬಾಯಿ ನೋಡು."

ಬಟ್ಟೆಯನ್ನು ಗುಂಡುಪಿನ್ನಿನಿಂದ ಚುಚ್ಚಿ ನಾಲ್ಕನೆಯ ಕಡೆಗೆ ಇಳಿಬಿಟ್ಟರು. ಅಧಿಕಾರಿಗಳು ಹಿಂದಕ್ಕೆ ಸರಿದು, ಕತ್ತು ಓರೆ ಮಾಡಿ ನೋಡಿ, ಪ್ರಾಂತ್ಯ ಉಳಿಯಿತು ಎಂಬಂತೆ ಉಸಿರುಬಿಟ್ಟರು.

ಆ ಮೇಜಿನ ಸುತ್ತ ಕೂತು ಅವರು ಮಾಡಬೇಕಾಗಿದ್ದ ಕೆಲಸವೂ ಸಣ್ಣದಲ್ಲ. ಆ ಸೀಮೆಯ ಕರೆಂಟು ಹೋಗಿ ಬಂದು ಮಾಡುತ್ತದೆ ಎಂಬುದು ಹಳೆಯ ದೂರು. ಅದು ಇನ್ನು ಮೇಲೆ ಹೋಗದ ಹಾಗೆ ಮಾಡುವ ಯೋಜನೆಯೊಂದನ್ನು ಹಾಕಿದ್ದರು: ಹೊಸ ಕಂಬ, ಹೊಸ ತಂತಿ, ಒಂದು ದಾರಿ ಕೆಟ್ಟರೆ ಇನ್ನೊಂದು ದಾರಿ, ದೂರದಲ್ಲಿ ಕೂತೇ ಎತ್ತಿ ಇಳಿಸುವ ಸ್ವಿಚ್ಚುಗಳು. ಯೋಜನೆ ಬರುತ್ತದೆ ಎಂಬ ಸುದ್ದಿ ಬಂದ ದಿನದಿಂದ ಹಳೆಯ ಲೈನಿಗೆ ಸಾಮಾನು ತರಿಸುವುದನ್ನು ನಿಲ್ಲಿಸಿದ್ದರು. ಸಾಯುವ ಎತ್ತಿಗೆ ಹುಲ್ಲು ಯಾಕೆ ಎಂಬ ಲೆಕ್ಕ. ಎತ್ತು ಮಾತ್ರ ಇನ್ನೂ ಗಾಡಿ ಎಳೆಯುತ್ತಿತ್ತು, ಮತ್ತು ಅದರ ಗೊರಸಿಗೆ ಲಾಳ ಕಟ್ಟುವ ಕೆಲಸ ಗುತ್ತಿಗೆ ಗ್ಯಾಂಗಿನದು.

ಆ ಗ್ಯಾಂಗಿನಲ್ಲಿ ಕಂಬ ಹತ್ತುವವನು ಅಳಿಲು. ಅತ್ತಿಗೆಯ ಮೈದುನ. ಅವಳು ಮದುವೆಯಾಗಿ ಬಂದಾಗ ಅವನು ಅವಳ ಸೊಂಟದೆತ್ತರ ಇದ್ದ. ಮೂಗು ಸುರಿಸಿಕೊಂಡು ಬಂದು ಅವಳ ಬಟ್ಟೆಗೇ ಒರೆಸುತ್ತಿದ್ದ. ಅವಳ ಗಂಡನೂ ಇದೇ ಗ್ಯಾಂಗಿನವನು. ಎದೆಗೆ ಕೆಮ್ಮು ಹತ್ತಿ ಒಂದು ಚಳಿಗಾಲದಲ್ಲಿ ಹೋಗಿಬಿಟ್ಟ. ಉಳಿದವರು ಇವರಿಬ್ಬರೇ, ಒಂದು ಕೋಣೆ, ಒಂದು ಒಲೆ. ಅವನು ಅತ್ತಿಗೆ ಅತ್ತಿಗೆ ಎಂದು ಕೂಗುವುದನ್ನು ಕೇಳಿ ಕೇಳಿ ಗ್ಯಾಂಗಿನವರೂ, ಆಪರೇಟರೂ, ಚಾ ಅಂಗಡಿಯವನೂ ಅವಳನ್ನು ಅತ್ತಿಗೆ ಎನ್ನತೊಡಗಿದ್ದರು. ಅವಳಿಗಿಂತ ಹಿರಿಯನಾದ ಮೇಸ್ತ್ರಿಗೂ ಅವಳು ಅತ್ತಿಗೆಯೇ. ಸಾಹೇಬರುಗಳಿಗೆ ಮಾತ್ರ ಏಯ್.

ಬೆಳಿಗ್ಗೆ ಕೆಲಸಕ್ಕೆ ಹೊರಡುವಾಗ ಅಳಿಲು ಟವಲನ್ನು ಬೆಳಕಿಗೆ ಹಿಡಿದು ನೋಡಿದ್ದ. ಗ್ಯಾಂಗಿನವರ ಟವಲುಗಳೆಲ್ಲ ಒಂದೇ ಅಂಗಡಿಯವು, ಒಂದೇ ಬಣ್ಣದವು. ಗುರುತಿಗಿರಲಿ ಎಂದು ಅವಳು ಮೂಲೆಯಲ್ಲಿ ನೀಲಿ ದಾರದಿಂದ ಒಂದು ಅಳಿಲು ಹೊಲಿದುಕೊಟ್ಟಿದ್ದಳು.

"ಅತ್ತಿಗೆ, ಇದು ಅಳಿಲಾ? ಹೆಗ್ಗಣ ಇದ್ದಂಗಿದೆ."

"ಬಾಲ ನೋಡೋ."

"ಬಾಲವಾ? ಮೂರು ದಾರ. ಮೇಸ್ತ್ರಿ ಮೀಸೆ ಇದಕ್ಕಿಂತ ದಪ್ಪ ಇದೆ."

"ನಿಂಗೆ ಬಾಲ ಜಾಸ್ತಿಯಾಯ್ತು, ಅದಕ್ಕೇ ಇದಕ್ಕೆ ಕಡಿಮೆ ಹಾಕಿದೀನಿ. ಸಂಜೆ ಕೊಡು, ಇನ್ನೆರಡು ಎಳೆ ಹಾಕ್ತೀನಿ."

"ಹಾಕು ಮತ್ತೆ. ಊರೆಲ್ಲ ನನ್ನ ಇಲಿ ಅಂದ್ರೆ ಹೆಣ್ಣು ಕೊಡೋರ್ಯಾರು?"

"ಈಗ ಸಾಲಾಗಿ ನಿಂತವ್ರೆ ನೋಡು, ಕೊಡಕ್ಕೆ."

ಟವಲ್ಲಿಗೆ ಗುರುತು ಬೇಕಾದದ್ದು ಶೋಕಿಗಲ್ಲ. ಸಭೆಯ ಕೋಣೆಗೆ ಅಂಟಿಕೊಂಡಂತೆ ಸ್ವಿಚ್ ರೂಮು. ಗೋಡೆಯುದ್ದಕ್ಕೂ ಕಬ್ಬಿಣದ ಪೆಟ್ಟಿಗೆಗಳು, ಒಂದೊಂದಕ್ಕೂ ಒಂದು ಹ್ಯಾಂಡಲ್, ಒಂದೊಂದು ಹ್ಯಾಂಡಲ್ಲಿಗೂ ಒಂದು ಲೈನು. ಕಂಬ ಹತ್ತುವವನು ಮೊದಲು ಇಲ್ಲಿಗೆ ಬರಬೇಕು. ಆಪರೇಟರ್ ಅವನ ಕಣ್ಣೆದುರೇ ಲೈನ್ ಇಳಿಸಬೇಕು, ಅಂದರೆ ಕರೆಂಟು ತೆಗೆಯಬೇಕು. ಇಳಿದ ಹ್ಯಾಂಡಲ್ಲಿಗೆ ಅವನು ತನ್ನ ಹೆಗಲ ಟವಲನ್ನು ಕೈಯಾರೆ ಹಾಕಿ ಹೋಗಬೇಕು. ಕೆಲಸ ಮುಗಿಸಿ ಇಳಿದು ಬಂದು ಕೈಯಾರೆ ತೆಗೆಯಬೇಕು. ಹಾಕಿದವನನ್ನು ಬಿಟ್ಟು ಬೇರೆ ಕೈ ಅದನ್ನು ಮುಟ್ಟುವಂತಿಲ್ಲ. ಮೇಸ್ತ್ರಿಯ ಕೈಯೂ ಇಲ್ಲ, ಆಪರೇಟರನ ಕೈಯೂ ಇಲ್ಲ. ಹಿಂದೊಮ್ಮೆ ಒಬ್ಬ ಟವಲ್ ಮರೆತು ಮನೆಗೆ ಹೋಗಿ ಮಲಗಿಬಿಟ್ಟಿದ್ದ. ಅವನನ್ನು ಎಬ್ಬಿಸಿ, ಬೈದು, ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದು ಅವನ ಕೈಯಿಂದಲೇ ತೆಗೆಸಿದರು. ಅಷ್ಟು ಹೊತ್ತೂ ಆ ಲೈನಿನ ಜನ ಕತ್ತಲಲ್ಲೇ ಉಂಡರು.

ನಿಯಮದಲ್ಲಿ ಟವಲ್ ಇರಲಿಲ್ಲ. ನಿಯಮದಲ್ಲಿದ್ದದ್ದು ಬೀಗ: ಹ್ಯಾಂಡಲ್ಲಿಗೆ ಬೀಗ ಹಾಕಬೇಕು, ಬೀಗದ ಕೈ ಕಂಬ ಹತ್ತಿದವನ ಜೇಬಿನಲ್ಲಿರಬೇಕು. ಬೀಗಗಳು ಬಂದೂ ಇದ್ದವು. ಗುತ್ತಿಗೆಯವರು ಕದ್ದುಕೊಂಡು ಹೋದಾರು ಎಂದು ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ತಂತಿಯನ್ನು ನೆಲಕ್ಕೆ ಜೋಡಿಸುವ ಸರಪಳಿಯೊಂದು ಇರುತ್ತದೆ; ಅದು ಕಟ್ಟಿದ್ದರೆ ತಪ್ಪಿ ಕರೆಂಟು ಬಂದರೂ ನೆಲಕ್ಕೆ ಇಳಿದುಹೋಗುತ್ತದೆ. ಅದು ಎರಡು ಗ್ಯಾಂಗಿಗೆ ಒಂದೇ ಇತ್ತು, ಮತ್ತು ಅವತ್ತು ಇನ್ನೊಂದು ಗ್ಯಾಂಗಿನ ಹತ್ತಿರ ಇತ್ತು.

ಅವತ್ತು ಬೆಳಿಗ್ಗೆ ಇಟ್ಟಿಗೆ ಗೂಡಿನ ಪಕ್ಕದ ಕಂಬದಲ್ಲಿ ತಂತಿ ಹೊತ್ತ ಪಿಂಗಾಣಿ ಸೀಳಿ ಕಿಡಿ ಉದುರುತ್ತಿತ್ತು. ಮೂರನೆಯ ಲೈನು. ಹೊಸ ಪಿಂಗಾಣಿ ಕೇಳಿದರೆ ಯೋಜನೆ ಬರುತ್ತದೆ ಎನ್ನುತ್ತಾರೆ. ಅದಕ್ಕೇ ಮೇಸ್ತ್ರಿ ಪಾಳುಬಿದ್ದ ಕಂಬವೊಂದರಿಂದ ಹಳೆಯದನ್ನು ಬಿಚ್ಚಿ ತಂದಿದ್ದ. ಅಳಿಲು ಸ್ವಿಚ್ ರೂಮಿಗೆ ಬಂದು, ಆಪರೇಟರ್ ಲೈನ್ ಇಳಿಸಿದ ಮೇಲೆ ಟವಲ್ ಹಾಕಿ, ಬಾಗಿಲಲ್ಲಿ ಕಪ್ಪು ತೊಳೆಯುತ್ತಿದ್ದ ಅತ್ತಿಗೆಯನ್ನು ನೋಡಿ, "ನಿನ್ನ ಹೆಗ್ಗಣಾನ ಕಾವಲಿಗೆ ಹಾಕಿದೀನಿ, ನೋಡ್ಕೋ" ಎಂದು ಹೋಗಿದ್ದ.

ಸಭೆ ಶುರುವಾಯಿತು. ಗೋಡೆಗೆ ಬಿಡಬೇಕಾಗಿದ್ದ ಬಿಳಿ ಪರದೆಯ ಒಂದು ಕಾಲು ಮುರಿದಿದ್ದರಿಂದ ಆ ತುದಿಯನ್ನು ಹಿಡಿದು ನಿಲ್ಲಲು ಆಪರೇಟರನನ್ನು ಕರೆಸಿದರು. ಕಾಯಂ ನೌಕರ, ಪೆನ್ಷನ್ನಿಗೆ ಹತ್ತಿರ ಬಂದವನು. ಲೈನುಗಳನ್ನು ಕಾಯಬೇಕಾದವನು ಪರದೆಯ ಹಿಂದೆ, ಮೇಜು ಕಾಣದ ಕಡೆ, ಪರದೆ ಕಾಯುತ್ತ ನಿಂತ.

ದೊಡ್ಡ ಸಾಹೇಬರು ಮೇಜಿನ ಮೇಲೆ ನಕ್ಷೆ ಹರಡಿ, ಕೋಲು ಹಿಡಿದು ಮಾತಾಡಿದರು. ಅವರ ಎಡಕ್ಕೆ ಗಿರಣಿಯ ಮಾಲೀಕ ಕೂತಿದ್ದ, ಗ್ರಾಹಕರ ಪರವಾಗಿ. ಅತ್ತಿಗೆ ಚಾ ಕೊಡುತ್ತ ಹೋದಳು.

"ಲೈನ್ ತಾನಾಗೇ ಬಿತ್ತು, ಕರೆಂಟು ಹೋಯ್ತು ಅಂದ್ಕೊಳ್ಳಿ. ಈಗ ಏನಾಗುತ್ತೆ? ಆಪರೇಟರ್ ಏಳ್ಬೇಕು, ಹೋಗ್ಬೇಕು, ನಾಲ್ಕು ಜನನ್ನ ಕೇಳ್ಬೇಕು. ನಾಳೆ ಹಾಗಲ್ಲ. ಯಂತ್ರ ತಾನೇ ಮತ್ತೆ ಎತ್ತುತ್ತೆ. ಬಿದ್ರೆ ಇನ್ನೊಂದ್ಸಲ ಎತ್ತುತ್ತೆ. ಯಾರನ್ನೂ ಕೇಳೋ ಹಾಗಿಲ್ಲ."

ಯಾರನ್ನೂ ಎನ್ನುವಾಗ ಕೋಲು ಗಾಳಿಯಲ್ಲಿ ಒಂದು ಸುತ್ತು ಹೊಡೆದು, ಅವರದೇ ಕಪ್ಪಿಗೆ ತಗುಲಿ, ಚಾ ನಕ್ಷೆಯ ಮೇಲೆಲ್ಲ ಹರಿಯಿತು. ಮೂರು ಊರುಗಳು ಮುಳುಗಿದವು.

"ಏಯ್, ಎಲ್ಲಿಟ್ಟಿದೀಯೇ ಕಪ್ಪು? ಕಣ್ಣು ಕಾಣಲ್ವಾ? ಬಟ್ಟೆ ತಾ!" ಎಂದರು ಸಣ್ಣ ಸಾಹೇಬರು.

ಅತ್ತಿಗೆ ಕೈಯಲ್ಲಿದ್ದ ನೆಲದ ಬಟ್ಟೆಯನ್ನು ಚಾಚಿದಳು.

"ಥೂ, ನೆಲ ಒರೆಸಿದ್ದನ್ನ ನಕ್ಷೆ ಮೇಲೆ ಹಾಕ್ತೀಯಾ?"

ಮೇಜಿನ ಬಟ್ಟೆ ಎಲ್ಲಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಗುಂಡುಪಿನ್ನು ಹೊಡೆಸಿಕೊಂಡು ಬಾಗಿಲಿಗೆ ಎದುರಾಗಿ ನೇತಾಡುತ್ತಿತ್ತು. ಅದನ್ನು ಕಿತ್ತರೆ ಮೇಜು ಮತ್ತೆ ಬೆತ್ತಲೆ. "ಹೋಗು, ಬೇರೆ ಚಾ ಮಾಡ್ಕೊಂಡು ಬಾ" ಎಂದು ಅವಳನ್ನು ಅಟ್ಟಿ, ಸಣ್ಣ ಸಾಹೇಬರು ಬಟ್ಟೆ ಹುಡುಕುತ್ತ ತಾವೇ ಪಕ್ಕದ ಬಾಗಿಲಿಗೆ ನುಗ್ಗಿದರು.

ಅವಳು ಹೊಸ ಚಾ ಹಿಡಿದು ಬರುವ ಹೊತ್ತಿಗೆ ನಕ್ಷೆ ಒರೆಸಿಯಾಗಿತ್ತು. ಕೋಣೆಯಲ್ಲಿ ಬೇರೆಯೇ ಗಾಳಿ ಇತ್ತು. ಗಿರಣಿ ಮಾಲೀಕ ಮೊಬೈಲನ್ನು ಮೇಜಿನ ಮೇಲಿಟ್ಟು ನಗುತ್ತಿದ್ದ.

"ಸಾಹೇಬರೇ, ನೀವು ಇಲ್ಲಿ ಕರೆಂಟು ಹೋಗದ ಹಾಗೆ ಮಾಡ್ತಾ ಇದೀರಿ. ಅಲ್ಲಿ ನನ್ನ ಗಿರಣಿ ಬೆಳಿಗ್ಗೆಯಿಂದ ನಿಂತಿದೆಯಂತೆ."

ದೊಡ್ಡ ಸಾಹೇಬರ ಕಿವಿ ಕೆಂಪಗಾಯಿತು. "ಯಾವ ಲೈನು?"

"ಮೂರನೇದು ಸಾರ್. ಏನೋ ರಿಪೇರಿ ಅಂತ ಇದ್ರು, ಮುಗಿದಿರ್ಬೇಕು" ಎಂದರು ಸಣ್ಣ ಸಾಹೇಬರು.

"ಮುಗಿದಿದ್ರೆ ಇನ್ನೂ ಯಾಕೆ ಇಳಿಸಿಟ್ಟಿದೀರಿ? ಇವತ್ತೇ ನನ್ನ ಮರ್ಯಾದೆ ತೆಗೀಬೇಕಾ? ಹೋಗಿ ಎತ್ರಿ."

ಪರದೆಯ ತುದಿಯಿಂದ ಆಪರೇಟರ್ ಎಂದ, "ಸಾರ್, ಒಂದ್ ಮಾತು. ಹುಡುಗ ಇನ್ನೂ..."

"ಪರದೆ ಅಲುಗಾಡ್ತಿದೆ ಕಣಯ್ಯ" ಎಂದರು ದೊಡ್ಡ ಸಾಹೇಬರು. ಸಣ್ಣ ಸಾಹೇಬರು ಆಗಲೇ ಎದ್ದು ಹೊರಟಿದ್ದರು.

ಆಪರೇಟರ್ ಪರದೆ ಬಿಗಿಯಾಗಿ ಹಿಡಿದ. ಪರದೆಯ ಅಂಚಿನಿಂದ ಅತ್ತಿಗೆಯ ಮುಖ ನೋಡಿದ. ಟವಲ್ ಇದೆಯಲ್ಲ ಎಂಬ ಧೈರ್ಯ ಆ ನೋಟದಲ್ಲಿತ್ತು. ಅವಳಿಗೂ ಅದೇ ಧೈರ್ಯ. ಸಣ್ಣ ಸಾಹೇಬರು ಹೋಗುತ್ತಾರೆ, ಹ್ಯಾಂಡಲ್ ಮೇಲೆ ಟವಲ್ ನೋಡುತ್ತಾರೆ, ಗೊಣಗುತ್ತ ವಾಪಸು ಬರುತ್ತಾರೆ. ಎಷ್ಟೋ ಸಲ ಹಾಗಾಗಿದೆ.

"ಏಯ್, ನಿಂತ್ಕೊಂಡು ಏನು ನೋಡ್ತೀಯ, ಕೆಳಗೆಲ್ಲ ತೊಟ್ಟಿಕ್ತಿದೆ, ಒರೆಸು" ಎಂದು ಯಾರೋ ಅಂದರು.

ಅವಳು ಮಂಡಿಯೂರಿ, ತನ್ನದೇ ಬಿಳಿ ಬಟ್ಟೆಯನ್ನು ಪಕ್ಕಕ್ಕೆ ಸರಿಸಿ ಮೇಜಿನ ಕೆಳಗೆ ತೂರಿದಳು. ಸುತ್ತ ಬೂಟುಗಳು. ಬೂಟುಗಳ ನಡುವೆ ಚಾ ಕುಡಿದು ಮುದ್ದೆಯಾಗಿ ಬಿದ್ದ ಒಂದು ಟವಲ್. ಟವಲುಗಳೆಲ್ಲ ಒಂದೇ ಬಣ್ಣದವು ಎಂದು ಅವಳ ಮನಸ್ಸು ಒಂದು ಗಳಿಗೆ ತಡೆದು ನಿಂತಿತು. ಬಿಡಿಸಿದಳು. ಮೂಲೆಯಲ್ಲಿ ನೀಲಿ ದಾರ. ಬಾಲ ತೆಳ್ಳಗಿತ್ತು.

ಎದ್ದ ರಭಸಕ್ಕೆ ತಲೆ ಮೇಜಿಗೆ ಬಡಿದು ಕಪ್ಪುಗಳೆಲ್ಲ ಕುಣಿದವು. "ಎತ್ಬೇಡಿ, ಸ್ವಾಮಿ, ಎತ್ಬೇಡಿ, ಇದು ಅವನ್ದು" ಎಂದಳು. ದನಿ ಮೇಜಿನ ಕೆಳಗೇ ಉಳಿಯಿತು.

ಪಕ್ಕದ ಕೋಣೆಯಲ್ಲಿ ಧಡ್ ಎಂದು ಲೈನ್ ಎತ್ತಿದ ಸದ್ದು. ಉಸಿರು ಬಿಡುವಷ್ಟರಲ್ಲಿ ಧಡ್ ಎಂದು ತಾನೇ ಬಿದ್ದ ಸದ್ದು. ಬಿದ್ದರೆ ಇನ್ನೊಮ್ಮೆ ಎತ್ತಿ ನೋಡಬೇಕೆಂಬುದು ಸಣ್ಣ ಸಾಹೇಬರು ಓದಿದ್ದ ಪಾಠ. ಇನ್ನೊಮ್ಮೆ ಎತ್ತಿದರು. ಅದೂ ಬಿತ್ತು.

ಆಪರೇಟರ್ ಪರದೆ ಕೈಬಿಟ್ಟ.

ಇಟ್ಟಿಗೆ ಗೂಡು ಕಾಂಪೌಂಡಿನ ಆಚೆಗೇ. ಅತ್ತಿಗೆ ಓಡಿದಳು ಎಂದರೆ ಓಡಿದಳು. ಚಪ್ಪಲಿ ಎಲ್ಲಿ ಬಿಟ್ಟಳೋ, ಗೇಟಿನ ಕಾವಲಿನವನು ಏನು ಕೂಗಿದನೋ ಅವಳಿಗೆ ತಿಳಿಯದು. ಕಂಬದ ಬುಡದಲ್ಲಿ ಗ್ಯಾಂಗಿನವರು ಮೇಲೆ ನೋಡುತ್ತ ನಿಂತಿದ್ದರು. ಅಳಿಲಿನ ಚಪ್ಪಲಿ ಜೋಡಿಯಾಗಿ ಅಲ್ಲೇ ಇತ್ತು. ಪಕ್ಕದಲ್ಲಿ ಅವಳು ಕಟ್ಟಿಕೊಟ್ಟ ಬುತ್ತಿ, ಮುಚ್ಚಳ ತೆಗೆಯದ್ದು. ಅವನು ಮೇಲೆ, ಸೊಂಟದ ಬೆಲ್ಟಿನಲ್ಲಿ, ತಲೆ ಹಿಂದಕ್ಕೆ ಹಾಕಿಕೊಂಡು ನೇತಾಡುತ್ತಿದ್ದ. ಕೆಳಗಿನಿಂದ ನೋಡಿದರೆ ಆಕಾಶ ನೋಡುತ್ತಿದ್ದಾನೆ ಅನ್ನಬೇಕು.

ಮೇಸ್ತ್ರಿ ಅಡ್ಡ ಬಂದ. "ಅತ್ತಿಗೆ, ಬೇಡ. ನೋಡ್ಬೇಡ."

"ಇಳಿಸ್ರೋ ಅವನ್ನ. ಕತ್ತು ನೋಯುತ್ತೆ ಅವನಿಗೆ" ಎಂದಳು.

ಆಪರೇಟರ್ ಓಡಿ ಹೋಗಿ ಹ್ಯಾಂಡಲ್ ಪೂರ್ತಿ ಇಳಿಸಿ, ಇನ್ನು ಯಾರೂ ಮುಟ್ಟದಂತೆ ಅದರ ಮುಂದೆ ನಿಂತ ಸುದ್ದಿ ಬಂದ ಮೇಲೆ ಇಬ್ಬರು ಹತ್ತಿದರು. ಅವನ ಸೊಂಟಕ್ಕೆ ಹಗ್ಗ ಕಟ್ಟಿ, ಪಿಂಗಾಣಿ ಇಳಿಸುವಷ್ಟೇ ಜೋಪಾನವಾಗಿ ಇಳಿಸಿದರು. ಅವನ ಅಂಗೈ ನೋಡಿದ ಮೇಲೆ ಅತ್ತಿಗೆ ಅದನ್ನು ಮಡಿಚಿ ಮುಚ್ಚಿ ತನ್ನ ಮಡಿಲಲ್ಲಿಟ್ಟುಕೊಂಡು ಕೂತಳು. ಅಳಲಿಲ್ಲ. ಬುತ್ತಿಯ ಕಡೆ ಒಮ್ಮೆ ನೋಡಿ, "ಉಂಡೂ ಇಲ್ಲ" ಎಂದಳು, ದೂರು ಹೇಳುವವಳ ಹಾಗೆ.

ಏಣಿಯ ಮೇಲೆ ಮಲಗಿಸಿ ಕೇಂದ್ರದ ಜಗಲಿಗೆ ತಂದರು. ಸಭೆಗೆ ಬಂದವರು ಕಾರುಗಳ ಹತ್ತಿರ ಗುಂಪಾಗಿ ನಿಂತಿದ್ದರು. ಗಿರಣಿ ಮಾಲೀಕ ಟೋಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಸ್ವಲ್ಪ ಹೊತ್ತಿನ ಮೇಲೆ ಬಿಸಿಲಿದೆಯೆಂದು ಮತ್ತೆ ಹಾಕಿಕೊಂಡ.

ಸ್ವಿಚ್ ರೂಮಿನಲ್ಲಿ ದೊಡ್ಡ ಸಾಹೇಬರು ಆಪರೇಟರನನ್ನು ವಿಚಾರಿಸುತ್ತಿದ್ದರು. ಅತ್ತಿಗೆ ಟವಲ್ ಹಿಡಿದು ಬಾಗಿಲಲ್ಲಿ ನಿಂತಳು. ಗ್ಯಾಂಗಿನವರು ಅವಳ ಹಿಂದೆ.

"ಅನುಮತಿ ಇಲ್ಲದೆ ಹೇಗಯ್ಯ ಹತ್ತಿದ ಅವನು?"

"ನಾನೇ ಲೈನ್ ಇಳಿಸಿ ಕೊಟ್ಟೆ ಸಾರ್. ಟವಲ್ ಹಾಕೇ ಹೋಗಿದ್ದ."

"ಟವಲ್ ಅನ್ನೋದು ಯಾವ ನಿಯಮದಲ್ಲಿದೆ?"

ಆಪರೇಟರ್ ಬೀರುವಿನ ಕಡೆ ನೋಡಿದ.

"ನಾನು ಒರೆಸೋ ಬಟ್ಟೆ ಅಂದ್ಕೊಂಡೆ ಸಾರ್" ಎಂದರು ಸಣ್ಣ ಸಾಹೇಬರು. "ಕೊಳಕಾಗಿತ್ತು. ಒರೆಸೋ ಬಟ್ಟೆ ಥರಾನೇ ಇತ್ತು."

ದೊಡ್ಡ ಸಾಹೇಬರು ಬಾಗಿಲಿನತ್ತ ತಿರುಗಿದರು. ಅವರ ದನಿ ಕಠಿಣವಾಗಿರಲಿಲ್ಲ. ತಪ್ಪು ಎಲ್ಲಿ ಶುರುವಾಯಿತೆಂದು ಹುಡುಕಿ ಹಿಡಿದವರ ಸಮಾಧಾನ ಇತ್ತು. "ನೋಡಮ್ಮಾ, ಮೇಜು ಒರೆಸೋ ಬಟ್ಟೆ ಇಟ್ಟುಕೊಳ್ಳೋದು ನಿನ್ನ ಕೆಲಸ. ಅದೊಂದು ಸರಿಯಾಗಿ ಇಟ್ಟಿದ್ದಿದ್ರೆ ಇವರು ಇದನ್ನ ಯಾಕೆ ಮುಟ್ತಿದ್ರು?"

ಅತ್ತಿಗೆ ಒಳಗೆ ಬಂದಳು. ಅವರ ಪಕ್ಕದಿಂದಲೇ ಹಾದು ಹೋಗಿ, ಇಳಿದಿದ್ದ ಮೂರನೆಯ ಹ್ಯಾಂಡಲ್ಲಿಗೆ ಟವಲನ್ನು ಸುತ್ತಿ, ಅಳಿಲಿನ ಮೂಲೆ ಮುಂದೆ ಬರುವಂತೆ ಸರಿಮಾಡಿದಳು. ಚಾ ತೊಟ್ಟಿಕ್ಕಿತು.

"ಏನಿದು? ತೆಗೀರಿ ಅದನ್ನ. ಆಯ್ತಲ್ಲ, ಆದದ್ದಾಯ್ತು, ಊರಿಗೆ ಊರೇ ಕಾಯ್ತಿದೆ. ಆಪರೇಟರ್, ಲೈನ್ ಎತ್ತು."

"ಟವಲ್ ಇದೆ ಸಾರ್."

"ತೆಗಿ."

"ಹಾಕಿದೋನೇ ತೆಗೀಬೇಕು ಸಾರ್."

"ಅವನು ಸತ್ತಿದ್ದಾನಲ್ಲಯ್ಯ."

"ಅದೇ ಸಾರ್" ಎಂದ ಆಪರೇಟರ್.

"ಈಗ ಹಾಕಿದ್ದು ಇವಳು ತಾನೇ? ಏಯ್, ನೀನೇ ತೆಗಿ."

"ನಾನ್ ಹಾಕಿಲ್ಲ" ಎಂದಳು ಅತ್ತಿಗೆ. "ಎಲ್ಲಿತ್ತೋ ಅಲ್ಲಿಟ್ಟೆ. ಅವ್ನು ಬಂದು ತೆಗೀತಾನೆ. ಕಾಯ್ರಿ."

ಸಣ್ಣ ಸಾಹೇಬರಿಗೆ ಏನು ತೋಚಿತೋ, ಕೈ ಮುಂದೆ ಮಾಡಿದರು. ಬಾಗಿಲಿನಿಂದ ಮೇಸ್ತ್ರಿ ಬಹಳ ಮೆಲ್ಲಗೆ ಅಂದ, "ಮುಟ್ಟು ನೋಡಣ, ಸೂಳೆಮಗನೆ." ಇಷ್ಟು ವರ್ಷ ಸಾರ್ ಎಂದು ಸವೆದಿದ್ದ ನಾಲಿಗೆ ಅದು. ಕೈ ಹಿಂದಕ್ಕೆ ಹೋಯಿತು.

ಆಗ ಆಪರೇಟರ್ ಜೇಬಿನಿಂದ ಬೀಗದ ಕೈ ಗೊಂಚಲು ತೆಗೆದ. ಬೀರು ತೆರೆದ. ಮೇಣದ ಕಾಗದದಲ್ಲಿ ಸುತ್ತಿಟ್ಟಿದ್ದ ಹೊಸ ಬೀಗವೊಂದನ್ನು ಬಿಡಿಸಿ, ಟವಲ್ ಸಮೇತ ಹ್ಯಾಂಡಲ್ಲಿಗೆ ಹಾಕಿ, ಅದುಮಿದ.

"ಏನ್ ಮಾಡ್ತಿದೀಯ? ನಿನ್ನ ಪೆನ್ಷನ್ ನೆನಪಿದೆಯಾ?"

"ನಿಯಮ ಸಾರ್. ಬೀಗ ಹಾಕ್ಬೇಕು. ಬೆಳಿಗ್ಗೆ ಹಾಕ್ಬೇಕಿತ್ತು, ಪರದೆ ಹಿಡ್ಕೊಂಡೆ." ಅವನು ಬೀಗದ ಕೈಯನ್ನು ಅತ್ತಿಗೆಯ ಅಂಗೈಯಲ್ಲಿಟ್ಟ. ಅವಳ ಮುಖ ನೋಡಲು ಅವನಿಂದ ಆಗಲಿಲ್ಲ. "ಹತ್ತಿದೋನ ಜೇಬಲ್ಲಿರ್ಬೇಕು ಇದು."

ಅತ್ತಿಗೆ ಜಗಲಿಗೆ ಬಂದಳು. ಅಳಿಲಿನ ಪಕ್ಕ ಕೂತು, ಅವನ ಅಂಗಿಯ ಜೇಬಿನಿಂದ ಒಂದು ಬೀಡಿ ತೆಗೆದಳು. "ಬಿಟ್ಟಿದೀನಿ ಅಂತ ಸುಳ್ಳು ಹೇಳ್ತಿದ್ಯಾ" ಎಂದಳು. ಬೀಗದ ಕೈಯನ್ನು ಆ ಜೇಬಿಗೆ ಹಾಕಿ, ಗುಂಡಿ ಹಾಕಿದಳು. ಗುಂಡಿ ಸಡಿಲವಾಗಿತ್ತು, ಸಂಜೆ ಅದನ್ನೂ ಹೊಲಿಯಬೇಕೆಂದು ಬೆಳಿಗ್ಗೆ ಅಂದುಕೊಂಡಿದ್ದಳು. ಬೀಡಿಯನ್ನು ಮತ್ತೆ ಅದೇ ಜೇಬಿಗೆ ಸೇರಿಸಲು ಹೋದವಳು ಅಲ್ಲಿಗೆ ತಡೆದು, ಗುಂಡಿಯ ಮೇಲೆ ಹಣೆಯಿಟ್ಟು, ಅಷ್ಟು ಹೊತ್ತು ಅಳದೆ ಇದ್ದದ್ದನ್ನೆಲ್ಲ ಅತ್ತಳು. ಗ್ಯಾಂಗಿನವರು ಕಾರುಗಳಿಗೆ ಬೆನ್ನು ತಿರುಗಿಸಿ ಅವಳ ಸುತ್ತ ನಿಂತರು.

ಮರುದಿನ ಅವನನ್ನು ಅದೇ ಅಂಗಿಯಲ್ಲಿ ಮಣ್ಣು ಮಾಡಿದರು. ಬೀಗ ಕತ್ತರಿಸಲು ಗ್ಯಾಂಗಿನವರು ಯಾರೂ ಬರಲಿಲ್ಲ. ಹೊರಗಿನಿಂದ ಜನ ಬರುವವರೆಗೆ ಮೂರನೆಯ ಲೈನಿಗೆ ಕರೆಂಟು ಬರಲಿಲ್ಲ. ಆಪರೇಟರನ ಪೆನ್ಷನ್ ತಡೆಹಿಡಿದರು. ಅತ್ತಿಗೆಯನ್ನು ಕೆಲಸದಿಂದ ತೆಗೆದರು. ಒರೆಸುವ ಬಟ್ಟೆ ಇಟ್ಟುಕೊಳ್ಳದಿದ್ದುದು ಕಾರಣ. ನಿಂತುಹೋಗಿದ್ದ ಸಭೆ ಬೇರೊಂದು ಕಟ್ಟಡದಲ್ಲಿ ನಡೆದು, ಯೋಜನೆ ಒಪ್ಪಿಗೆಯಾಯಿತು. ಅಲ್ಲಿಯ ಮೇಜು ಚಿಕ್ಕದು. ಬಟ್ಟೆ ನಾಲ್ಕೂ ಕಡೆ ಸಾಲಿತು.